ಗೂಡು ಒಡೆದು ನೋಡಿದವಳು

ನಾಗಪತಿ ಭಟ್ಟರಿಗೆ ಮದುವೆಯಾದಾಗ ಮೂವತ್ತೆಂಟು ವರ್ಷ. ವಾನಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿರುವ ನಮ್ಮ ಊರಿನ ಗಣಪತಿ ದೇವಸ್ಥಾನಕ್ಕೆ ಅವರು ಅರ್ಚಕರು. ಅವರ ಜಾತಕ ಹನ್ನೊಂದು ವರ್ಷ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳನ್ನೆಲ್ಲ ಸುತ್ತಿ ವಾಪಸು ಬಂದಿತ್ತು. ತೋಟವಿದ್ದವರಿಗೇ ಹೆಣ್ಣು ಸಿಗದ ಕಾಲ. ಹಳ್ಳಿಯಲ್ಲಿ ಪೂಜೆ ಮಾಡಿಕೊಂಡಿರುವವನಿಗೆ ಯಾರು ಕೊಡುತ್ತಾರೆ? ಹೀಗಿರುವಾಗ ಒಂದು ಮಾಘಮಾಸದಲ್ಲಿ ಅವರು ಎರಡು ದಿನ ಊರಲ್ಲಿರಲಿಲ್ಲ. ಮೂರನೆಯ ದಿನ ಬಂದಾಗ ಜೊತೆಗೆ ಹೆಂಡತಿ ಇದ್ದಳು. ಹೆಸರು ವೇದಾ ಎಂದರು. ಕಾಸರಗೋಡಿನ ಕಡೆಯವಳು, ಅಪ್ಪ ಅಮ್ಮ ಇಲ್ಲ, ದೂರದ ಸಂಬಂಧಿಕರು ಧಾರೆ ಎರೆದು ಕೊಟ್ಟರು ಎಂದು ಭಟ್ಟರ ತಾಯಿ ಶರಾವತಕ್ಕ ಮನೆಮನೆಗೆ ಹೋಗಿ ಹೇಳಿ ಬಂದರು.

ಅವಳ ನಿಜವಾದ ಹೆಸರು ದಾಕ್ಷಾಯಿಣಿ. ಊರು ಸವಣೂರಿನ ಹತ್ತಿರ. ಅಪ್ಪ ಇಲ್ಲ ಎಂಬುದು ಸತ್ಯ. ಆದರೆ ತಾಯಿ ಪಾರ್ವತವ್ವ ಗಟ್ಟಿಮುಟ್ಟಾಗಿ ಬದುಕಿದ್ದಳು. ಜಾತಿಯೂ ಬೇರೆ. ಶಿರಸಿಯ ಮಧ್ಯಸ್ಥನೊಬ್ಬ ಎರಡೂ ಕಡೆ ಮಾತಾಡಿ ಮದುವೆ ಕೂಡಿಸಿದ್ದ. ಕಾಸರಗೋಡಿನ ಸಂಬಂಧಿಕರನ್ನು ಹೊಂದಿಸಿದವನೂ ಅವನೇ.

ನಾನು ಪರಿಮಳಾ. ಇಲ್ಲಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಕಡೆ ಶಾಲೆಯ ಟೀಚರನ್ನು ಅಕ್ಕೋರು ಎನ್ನುತ್ತಾರೆ, ಹಾಗಾಗಿ ಊರಿಗೆಲ್ಲ ನಾನು ಅಕ್ಕೋರು. ದೇವಸ್ಥಾನದ ಎದುರಿನ ಬಾಡಿಗೆ ಮನೆಯಲ್ಲಿ ಏಳೆಂಟು ವರ್ಷದಿಂದ ಇದ್ದೇನೆ. ದಾಕ್ಷಾಯಿಣಿಯ ಕಥೆಯನ್ನು ನಾನು ಹೇಳುವುದು ಸರಿಯೋ ತಪ್ಪೋ ಗೊತ್ತಿಲ್ಲ. ‘ಹೇಳ್ರಿ ಅಕ್ಕೋರೆ, ಈಗ ಮುಚ್ಚಿಡೋದು ಏನೈತಿ’ ಎಂದು ಅವಳೇ ಹೇಳಿದ ಮೇಲೆ ಬರೆಯುತ್ತಿದ್ದೇನೆ.

ಬಂದ ಹೊಸದರಲ್ಲಿ ಅವಳು ಮಾತಾಡುತ್ತಿದ್ದ ರೀತಿ ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಬೇಲಿಯಾಚೆ ನಿಂತು, ‘ಅಕ್ಕೋರೆ, ನಿಮ್ಮಲ್ಲಿ ಸ್ವಲ್ಪ ಕರಿಬೇವು ಇದೆಯೇ?’ ಎಂದು ಕೇಳುವಳು. ಆಕಾಶವಾಣಿಯ ವಾರ್ತೆ ಓದುವವರ ಹಾಗೆ ಪ್ರತಿ ಶಬ್ದವನ್ನೂ ಪೂರ್ತಿ ಹೇಳುವಳು. ಕೇಳಿದ್ದಕ್ಕಷ್ಟೇ ಉತ್ತರ. ಅದೂ ಉತ್ತರಕ್ಕೆ ಮೊದಲು ಒಂದು ಗಳಿಗೆ ಸುಮ್ಮನಿರುವಳು. ಆ ಒಂದು ಗಳಿಗೆಯಲ್ಲಿ ತನ್ನ ಮಾತನ್ನು ಪುಸ್ತಕದ ಮಾತಾಗಿ ತಿದ್ದಿಕೊಳ್ಳುತ್ತಿದ್ದಳು ಎಂದು ನನಗೆ ತಿಳಿದದ್ದು ತಡವಾಗಿ.

ಅದನ್ನು ಕಲಿಸಿದವರು ಶರಾವತಕ್ಕ. ಮದುವೆಯಾಗಿ ಬಂದ ದಿನವೇ ಸೊಸೆಯನ್ನು ಕೂರಿಸಿಕೊಂಡು ಹೇಳಿದ್ದರಂತೆ.

‘ತಂಗಿ, ನೀನು ಬಾಯಿ ಬಿಟ್ರೆ ಗೊತ್ತಾಗ್ತು. ಮಾತು ಕಡಿಮೆ ಮಾಡು. ಈ ಪೂಜೆ ಹೋದ್ರೆ ನಂಗ ಎಲ್ಲಿಗೆ ಹೋಪದು? ಈ ಮನೆಯೂ ದೇವಸ್ಥಾನದ್ದೇ.’

ಹೆದರಿಸಿದ್ದಲ್ಲ, ಬೇಡಿಕೊಂಡದ್ದು. ಗದರಿದ್ದರೆ ಎದುರಾಡಬಹುದಿತ್ತು, ಬೇಡಿಕೊಂಡಿದ್ದಕ್ಕೆ ಏನು ಮಾಡಲಿ ಎಂದು ದಾಕ್ಷಾಯಿಣಿ ನನ್ನ ಹತ್ತಿರ ಹೇಳಿದಳು. ನಾಗಪತಿ ಭಟ್ಟರೂ ಕೆಟ್ಟವರಲ್ಲ. ಮದುವೆಗೆ ಮೊದಲು ಫೋನಿನಲ್ಲಿ ಅವರು ಅವಳಿಗೆ ಹೇಳಿದ್ದು ಒಂದೇ ಮಾತು: ‘ಯಂಗೆ ಚಂದ ಮಾಡಿ ಮಾತಾಡಲೆ ಬತ್ತಿಲ್ಲೆ. ಆದ್ರೆ ಬೈತಿಲ್ಲೆ.’ ಆ ಮಾತನ್ನು ಅವರು ಉಳಿಸಿಕೊಂಡರು. ಯಾವತ್ತೂ ಬೈಯಲಿಲ್ಲ. ಯಾವತ್ತೂ ಅವಳ ಪರವಾಗಿಯೂ ಮಾತಾಡಲಿಲ್ಲ.

ಅರ್ಚಕರ ಮನೆಗೂ ದೇವಸ್ಥಾನದ ನೈವೇದ್ಯದ ಅಡುಗೆಕೋಣೆಗೂ ನಡುವೆ ಒಂದು ಬಾಗಿಲು. ಬೆಳಗಿನ ಜಾವ ಎದ್ದು ಮಿಂದು, ಒದ್ದೆ ಸೀರೆಯಲ್ಲಿ ಆ ಬಾಗಿಲು ದಾಟಿ ಅನ್ನಕ್ಕೆ ಇಟ್ಟರೆ ಅವಳ ದಿನ ಶುರು. ಮಧ್ಯಾಹ್ನ ಮತ್ತೆ ಅದೇ ಬಾಗಿಲು. ಊರ ಹೆಂಗಸರ ಮನೆಗೆ ಅರಿಸಿನ ಕುಂಕುಮಕ್ಕೆ ಕರೆದರೆ ಶರಾವತಕ್ಕ ಜೊತೆಗೆ ಹೋಗಿ, ಸೊಸೆಗೆ ಬಂದ ಪ್ರಶ್ನೆಗಳಿಗೂ ತಾವೇ ಉತ್ತರ ಕೊಟ್ಟು ಕರೆದುಕೊಂಡು ಬರುವರು. ಶಿರಸಿಗೆ ಅವಳು ಹೋದದ್ದು ಮೊದಲ ವರ್ಷದಲ್ಲಿ ಎರಡು ಸಲ. ಎರಡನೆಯ ಸಲ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಪಕ್ಕದ ಬಸ್ಸಿನ ಕಂಡಕ್ಟರ್, ‘ಹಾವೇರಿ, ಹಾವೇರಿ, ಹತ್ರಿ ಲಗೂನ’ ಎಂದು ಕೂಗಿದನಂತೆ. ಅವಳ ಕಾಲು ತಾನಾಗಿಯೇ ಎರಡು ಹೆಜ್ಜೆ ಆ ಕಡೆ ಹೋಯಿತು. ಶರಾವತಕ್ಕ ಕೈ ಹಿಡಿದುಕೊಂಡರು. ಆಮೇಲೆ ಶಿರಸಿಯ ಕೆಲಸಕ್ಕೆಲ್ಲ ಭಟ್ಟರೇ ಹೋಗಿ ಬರತೊಡಗಿದರು.

ಸವಣೂರು ಇಲ್ಲಿಂದ ಅರ್ಧ ದಿನದ ದಾರಿಯೂ ಅಲ್ಲ. ಆದರೂ ಅವಳು ಹೋಗುವ ಹಾಗಿರಲಿಲ್ಲ. ಅಮ್ಮ ಇಲ್ಲದವಳು ತವರಿಗೆ ಹೋಗುವುದಾದರೂ ಹೇಗೆ?

ಎರಡನೆಯ ವರ್ಷ ಪಾರ್ವತವ್ವ ಬಂದಳು. ಮಗಳನ್ನು ನೋಡದೆ ಒಂದೂವರೆ ವರ್ಷವಾಗಿತ್ತು. ದೇವರಿಗೆ ಹರಕೆ ಹೊತ್ತವಳ ಹಾಗೆ ಬಂದು ನೋಡಿಕೊಂಡು ಹೋಗುವುದು ಎಂದು ಫೋನಿನಲ್ಲಿ ಮಾತಾಗಿತ್ತು. ಆ ದಿನ ನಾನು ಶಾಲೆಗೆ ಹೊರಟು ಬಾಗಿಲಿಗೆ ಬೀಗ ಹಾಕುತ್ತಿದ್ದೆ. ಇಳಕಲ್ ಸೀರೆ ಉಟ್ಟ ಹೆಂಗಸೊಬ್ಬಳು ದೇವಸ್ಥಾನದ ಮೆಟ್ಟಿಲ ಹತ್ತಿರ ನಿಂತು, ಸೆರಗಿನ ತುದಿಯಿಂದ ಹಣೆಯ ವಿಭೂತಿಯನ್ನು ಒರೆಸಿಕೊಳ್ಳುತ್ತಿದ್ದಳು. ಸ್ವಲ್ಪವೂ ಉಳಿಯಬಾರದೆಂದು ಎಂಜಲು ಹಚ್ಚಿ ತಿಕ್ಕಿದಳು. ಆಮೇಲೆ ಒಳಗೆ ಹೋಗಿ ಸಾಲಿನಲ್ಲಿ ನಿಂತಳು. ಅಳಿಯನ ಕೈಯಿಂದ ತೀರ್ಥ ತೆಗೆದುಕೊಂಡಳು. ಅಳಿಯ ತಲೆ ಎತ್ತಲಿಲ್ಲ.

ದಾಕ್ಷಾಯಿಣಿ ಬಾವಿಕಟ್ಟೆಯ ಹತ್ತಿರ ಕೊಡ ತುಂಬಿಸುತ್ತಿದ್ದಳು. ಪಾರ್ವತವ್ವ ಕಾಲು ತೊಳೆಯುವ ನೆಪದಲ್ಲಿ ಅಲ್ಲಿಗೆ ಬಂದಳು. ಶರಾವತಕ್ಕ ಜಗಲಿಯಲ್ಲಿದ್ದರು, ಇನ್ನಿಬ್ಬರು ಹೆಂಗಸರೂ ಇದ್ದರು.

‘ನೀರು ಹಾಕ್ಲೇನ್ರಿ?’ ಎಂದು ಮಗಳು ಮೆಲ್ಲಗೆ ಕೇಳಿದಳು.

‘ಹಾಕವಾ,’ ಎಂದಳು ತಾಯಿ.

ಇಷ್ಟೇ ಮಾತು. ಒಂದು ಕೊಡ ನೀರು ಪೂರ್ತಿ ಖಾಲಿಯಾಗುವವರೆಗೂ ಪಾರ್ವತವ್ವ ಕಾಲು ತೊಳೆದಳು. ಹೋಗುವಾಗ ಬಾವಿಕಟ್ಟೆಯ ಮೇಲೆ ಒಂದು ಬಟ್ಟೆಗಂಟು ಮರೆತು ಹೋದವಳ ಹಾಗೆ ಬಿಟ್ಟಳು. ಅದರಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ದಾಕ್ಷಾಯಿಣಿ ಅದನ್ನು ಸೌದೆಕೊಟ್ಟಿಗೆಯಲ್ಲಿ ಅಡಗಿಸಿಟ್ಟು ಹನ್ನೊಂದು ದಿನ ತಿಂದಳು, ಶಬ್ದವಾಗದ ಹಾಗೆ ಬಾಯಲ್ಲಿ ನೆನೆಸಿಕೊಂಡು.

ಬಾವಿಕಟ್ಟೆಯಲ್ಲಿ ನಡೆದದ್ದನ್ನು ನಾನು ಬೀಗ ಹಿಡಿದುಕೊಂಡು ನೋಡಿದೆ. ತಾಯಿ ಮಗಳ ಮೂಗು ಒಂದೇ ಅಚ್ಚು. ನಾನು ಬೀಗ ಹಾಕಿ ಶಾಲೆಗೆ ಹೋದೆ.

ದಾಕ್ಷಾಯಿಣಿ ಬಿ.ಎಸ್ಸಿ. ಮೊದಲ ವರ್ಷದವರೆಗೆ ಓದಿದವಳು. ಪ್ರಾಣಿಶಾಸ್ತ್ರ ಅವಳಿಗೆ ಇಷ್ಟದ ವಿಷಯ. ಅಪ್ಪ ಸವಣೂರಿನ ಎಲೆಬಳ್ಳಿ ತೋಟದಲ್ಲಿ ವೀಳ್ಯದೆಲೆ ಕೊಯ್ಯುತ್ತಿದ್ದಾಗ ಚಿಕ್ಕ ಹುಡುಗಿ ಎಲೆಯ ಹಿಂಬದಿಯ ಹುಳಗಳನ್ನು ಆರಿಸಿ ಡಬ್ಬಿಯಲ್ಲಿಟ್ಟು, ಯಾವುದು ಏನಾಗುತ್ತದೆಂದು ಕಾಯುತ್ತಿದ್ದಳಂತೆ. ಇಲ್ಲಿಗೆ ಬಂದ ಮೇಲೆ ಅವಳಿಗೆ ಮಾತಾಡುವುದಕ್ಕೆ ಅವಕಾಶವಿರಲಿಲ್ಲವೇ ಹೊರತು ನೋಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಅಡುಗೆಕೋಣೆಯ ಗೋಡೆಯಲ್ಲಿ ಹಲ್ಲಿ ಎಲ್ಲಿ ಮೊಟ್ಟೆ ಇಡುತ್ತದೆ, ಕಟ್ಟಿರುವೆ ಕಚ್ಚಿದ ಜಾಗ ಎಷ್ಟು ಹೊತ್ತು ಉರಿಯುತ್ತದೆ, ಓತಿ ಬಣ್ಣ ಬದಲಿಸುವುದು ಬಿಸಿಲಿಗೋ ಸಿಟ್ಟಿಗೋ ಎಂದು ಒಬ್ಬಳೇ ನೋಡುವಳು.

ಮೂರನೆಯ ವರ್ಷದ ದೀಪಾವಳಿಯ ಹೊತ್ತಿಗೆ ಅವರ ಮನೆಯ ಹಿಂಬದಿಯ ಕಿಟಕಿಯ ಮರದ ಸರಳಿನ ಮೇಲೆ ಕುಂಬಾರ ಹುಳ ಗೂಡು ಕಟ್ಟಿತು. ಸಣ್ಣ ಸೊಂಟದ, ಹಳದಿ ಪಟ್ಟಿಯ ಕಣಜ ಅದು. ಒದ್ದೆ ಮಣ್ಣಿನ ಉಂಡೆಗಳನ್ನು ತಂದು ತಂದು, ನೆಲ್ಲಿಕಾಯಿ ಗಾತ್ರದ, ಬಾಯಿ ಇರುವ ಗಡಿಗೆಯನ್ನೇ ಮಾಡಿತು. ಅವಳು ಬೆರಳು ಚಾಚಿದ್ದಷ್ಟೇ, ಶರಾವತಕ್ಕ ಓಡಿ ಬಂದರು.

‘ಮುಟ್ಟಡ! ಕುಂಬಾರ ಹುಳ ಮನೆ ಕಟ್ಟಿದ್ದು ಅಂದ್ರೆ ಮನೇಲಿ ಕೂಸೋ ಮಾಣಿಯೋ ಬತ್ತು ಹೇಳಿ ಲೆಕ್ಕ.’

ಮದುವೆಯಾಗಿ ಮೂರು ವರ್ಷವಾದರೂ ಮನೆಯಲ್ಲಿ ಮಗುವಿರಲಿಲ್ಲ. ಶರಾವತಕ್ಕ ಅದರ ಬಗ್ಗೆ ಯಾವತ್ತೂ ಚುಚ್ಚಿ ಮಾತಾಡಿದವರಲ್ಲ. ಆದರೆ ಆ ದಿನದಿಂದ ಕಿಟಕಿಯ ಹತ್ತಿರ ದಿನಕ್ಕೆ ಮೂರು ಸಲ ಹೋಗಿ ನೋಡಿ ಬರತೊಡಗಿದರು. ಒಂದು ಸಂಜೆ ಕಣಜ ಹಸಿರು ಹುಳವೊಂದನ್ನು ತಬ್ಬಿಕೊಂಡು ಬಂದು ಗಡಿಗೆಯೊಳಗೆ ತುರುಕುತ್ತಿತ್ತು. ಅದನ್ನು ತೋರಿಸಿ ಸೊಸೆಗೆ ಹೇಳಿದರು.

‘ನೋಡು, ಹುಳಾನ ತಂದು ಒಳಗೆ ಇಟ್ಟು ಬಾಗಿಲು ಮುಚ್ಚತು. ಒಳಗಿದ್ದ ಹುಳ ಹೆದರಿಕೇಲಿ ಭ್ರಮರವನ್ನೇ ನೆನೀತಾ ನೆನೀತಾ ಕಡಿಗೆ ತಾನೂ ಭ್ರಮರವೇ ಆಗಿ ಹೊರಗೆ ಬತ್ತು. ನೀನೂ ಹಾಂಗೇ ತಂಗಿ. ನಂಗಳ ಜೊತೆಗೆ ಇದ್ದೂ ಇದ್ದೂ ನಂಗಳ ಹಾಂಗೇ ಆಗ್ತೆ. ಬೇಜಾರ ಮಾಡ್ಕ್ಯಳಡ.’

ಸಮಾಧಾನಕ್ಕೆ ಹೇಳಿದ ಮಾತು. ದಾಕ್ಷಾಯಿಣಿ ತಲೆ ಅಲ್ಲಾಡಿಸಿದಳು. ಆದರೆ ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲವಂತೆ. ಹುಳ ಕಣಜ ಆಗುವುದು ಹೇಗೆ? ಹಸಿರು ಹುಳ ಬೆಳೆದರೆ ಪತಂಗವಾಗಬೇಕು. ಅವಳು ಡಬ್ಬಿಯಲ್ಲಿಟ್ಟು ನೋಡಿದ್ದೆಲ್ಲ ಹಾಗೇ ಆಗಿತ್ತು. ಕಾಲೇಜಿನಲ್ಲಿ ಇದನ್ನು ಓದಿದ ನೆನಪು ಅವಳಿಗೆ ಇರಲಿಲ್ಲ, ಬಹುಶಃ ಎರಡನೆಯ ವರ್ಷದ ಪಾಠವೇನೋ.

ಮರುದಿನ ಅತ್ತೆ ಮಲಗಿದ್ದಾಗ ತಲೆಪಿನ್ನಿನಿಂದ ಗಡಿಗೆಯ ಹೊಟ್ಟೆಯಲ್ಲಿ ಕಿಂಡಿ ಕೊರೆದಳು. ಒಳಗೆ ಆರು ಹಸಿರು ಹುಳಗಳು ಒತ್ತೊತ್ತಾಗಿದ್ದವು. ಮೇಲಿನಿಂದ ಒಂದು ಎಳೆಯಲ್ಲಿ ಅರ್ಧ ಅಕ್ಕಿಕಾಳಿನಷ್ಟು ಬಿಳಿ ಮೊಟ್ಟೆ ನೇತಾಡುತ್ತಿತ್ತು. ಪೊರಕೆಕಡ್ಡಿಯ ತುದಿಯಿಂದ ಒಂದು ಹುಳವನ್ನು ಮುಟ್ಟಿದಳು. ಅದು ಸಣ್ಣಗೆ ನಡುಗಿತು. ಸತ್ತಿರಲಿಲ್ಲ. ಎದ್ದು ಹೋಗಲೂ ಆಗುತ್ತಿರಲಿಲ್ಲ.

ಕಿಂಡಿಗೆ ಹಿಟ್ಟಿನ ಅಂಟು ಮೆತ್ತಿದಳು. ಅದರ ವಾಸನೆಗೋ ಏನೋ ಇರುವೆ ಹತ್ತಿ, ಮೂರು ದಿನದಲ್ಲಿ ಒಳಗೆ ಏನೂ ಉಳಿಯಲಿಲ್ಲ. ಅದೇ ವಾರ ಅವಳು ಹೊರಗಾದಳು. ಶರಾವತಕ್ಕ ಬರಿದಾದ ಗೂಡನ್ನು ನೋಡಿದರು, ಸೊಸೆಯನ್ನು ನೋಡಿದರು, ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದರು. ತಾನು ಪಿನ್ನು ಹಾಕದಿದ್ದರೆ ಏನಾದರೂ ಆಗುತ್ತಿತ್ತೇ ಎಂದು ಓದಿದ ಹುಡುಗಿಯಾದರೂ ದಾಕ್ಷಾಯಿಣಿ ಎಷ್ಟೋ ದಿನ ಒಳಗೊಳಗೇ ಕೊರಗಿದಳು.

ಆದರೆ ಬಿಡಲಿಲ್ಲ. ಮುಂದಿನ ವರ್ಷ ಅದೇ ಹೊತ್ತಿಗೆ ಬಚ್ಚಲಮನೆಯ ಬಾಗಿಲ ಹಿಂದೆ, ಯಾರೂ ನೋಡದ ಜಾಗದಲ್ಲಿ, ಮೂರು ಗಡಿಗೆಗಳು ಸಾಲಾಗಿ ಎದ್ದವು. ಈ ಸಲ ನಡುವಿನದರ ಹೊಟ್ಟೆಯನ್ನು ಬ್ಲೇಡಿನಿಂದ ನಾಜೂಕಾಗಿ ಕತ್ತರಿಸಿದಳು. ಸಿಹಿತಿಂಡಿ ಡಬ್ಬಿಯ ಪಾರದರ್ಶಕ ಮುಚ್ಚಳದ ಚೂರನ್ನು ಕಿಟಕಿಯ ಗಾಜಿನಂತೆ ಅಲ್ಲಿಗೆ ಕೂರಿಸಿ, ಅಂಚಿಗೆ ಹಸಿ ಮಣ್ಣನ್ನೇ ಮೆತ್ತಿದಳು. ಇರುವೆ ಬಾರದಂತೆ ಸುತ್ತ ಅರಿಸಿನ ಉದುರಿಸಿದಳು. ದಿನಾ ಸ್ನಾನಕ್ಕೆ ಹೋದಾಗ ನೋಡುವಳು. ಕಂಡದ್ದನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುವಳು. ಆ ಹಾಳೆಗಳನ್ನು ನಾನು ನೋಡಿದ್ದೇನೆ. ‘ಮೂರನೇ ದಿನ: ಮೊಟ್ಟೆ ಒಡೆದಿದೆ. ಮರಿ ಮೊದಲನೇ ಹುಳದ ಮೇಲೆ ಇದೆ.’ ‘ಆರನೇ ದಿನ: ನಾಲ್ಕು ಉಳಿದಿವೆ. ಉಳಿದವು ಇನ್ನೂ ಜೀವಂತ.’ ‘ಒಂಬತ್ತನೇ ದಿನ: ಒಂದೇ ಇದೆ.’ ಆಮೇಲೆ ಹಳದಿ ಮರಿ ದಪ್ಪಗಾಗಿ ತನ್ನ ಸುತ್ತ ತೆಳ್ಳಗಿನ ಗೂಡು ನೇಯ್ದುಕೊಂಡಿತು. ಇಪ್ಪತ್ತೆಂಟನೇ ದಿನ ಸಣ್ಣ ಸೊಂಟದ ಕಣಜವೊಂದು ಪಾರದರ್ಶಕ ಚೂರಿಗೆ ತಲೆ ಬಡಿಯುತ್ತಿತ್ತು. ಅವಳು ಆ ಚೂರನ್ನು ಕಿತ್ತು ತೆಗೆದಳು. ಕಣಜ ಸ್ವಲ್ಪ ಹೊತ್ತು ಬಾಗಿಲಲ್ಲೇ ಕೂತು, ಬಚ್ಚಲಿನ ಬೆಳಕಿಂಡಿಯಿಂದ ಹಾರಿ ಹೋಯಿತು.

ಗಂಡನಿಗೆ ಹೇಳಿದಳು. ಭಟ್ಟರು ಬಗ್ಗಿ ಉಳಿದ ಚೂರುಗಳನ್ನು ಬಹಳ ಹೊತ್ತು ನೋಡಿದರು. ಹುಳಗಳ ಒಣ ಸಿಪ್ಪೆ ಮಾತ್ರ ಇತ್ತು.

‘ಹೌದಲೆ. ಇಷ್ಟು ವರ್ಷ ಆನೂ ಆ ಮಾತು ಹೇಳಿದ್ದೆ. ಒಡೆದು ನೋಡಿದ್ದಿಲ್ಲೆ,’ ಎಂದರು. ನಂತರ ತಾಯಿ ಬರುತ್ತಿದ್ದಾರೋ ಎಂದು ಬಾಗಿಲ ಕಡೆ ನೋಡಿ, ‘ಆಯಿಗೆ ಹೇಳಡ,’ ಎಂದರು.

ಅದಾಗಿ ಎರಡು ತಿಂಗಳಿಗೆ ಮಾಘಮಾಸ. ದೇವಸ್ಥಾನದ ಚಂದ್ರಶಾಲೆಯಲ್ಲಿ, ಅಂದರೆ ಮುಂದಿನ ಸಭಾಂಗಣದಲ್ಲಿ, ಏಳು ದಿನದ ಪುರಾಣ ಪ್ರವಚನ ಇತ್ತು. ಸಿದ್ದಾಪುರದ ಕಡೆಯ ಶಾಸ್ತ್ರಿಗಳೊಬ್ಬರು ಬಂದಿದ್ದರು. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು, ಒಳ್ಳೆಯ ಮಾತುಗಾರರು. ಸಂಜೆ ನಾಲ್ಕಕ್ಕೆ ಶುರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಐದನೆಯ ದಿನ ನನ್ನ ಪಕ್ಕದಲ್ಲಿ ಕಂಬಕ್ಕೆ ಒರಗಿ ದಾಕ್ಷಾಯಿಣಿ, ಅವಳ ಮುಂದೆ ಶರಾವತಕ್ಕ.

ಆ ದಿನ ಮಾತು ಧ್ಯಾನದ ಮೇಲೆ ಬಂತು. ಶಾಸ್ತ್ರಿಗಳು ಭ್ರಮರ-ಕೀಟ ನ್ಯಾಯವನ್ನು ಎತ್ತಿಕೊಂಡರು. ಕಣಜ ಹುಳುವನ್ನು ಹಿಡಿದು ತರುವುದನ್ನು, ಮಣ್ಣಿನ ಸೆರೆಮನೆಯನ್ನು, ಹುಳುವಿನ ಭಯವನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಿದರು. ಹೊಸ ಮನೆಗೆ ಬಂದ ಹೆಣ್ಣು ಆ ಮನೆಯನ್ನೇ ಧ್ಯಾನಿಸಿ ಆ ಮನೆಯವಳೇ ಆಗುತ್ತಾಳಲ್ಲ, ಅದೂ ಹೀಗೇ ಎಂದರು. ಶರಾವತಕ್ಕ ಹಿಂದೆ ತಿರುಗಿ ಸೊಸೆಯ ಕಡೆ ನೋಡಿ ಮುಗುಳ್ನಕ್ಕರು. ತಾನು ಹೇಳಿದ್ದನ್ನೇ ದೊಡ್ಡವರೂ ಹೇಳಿದರಲ್ಲ ಎಂಬ ಸಂತೋಷ ಅದು.

ಶಾಸ್ತ್ರಿಗಳು ಕೈಯೆತ್ತಿ ಸಭೆಯನ್ನೇ ಕೇಳಿದರು. ‘ಹೊರಗೆ ಬಂದದ್ದು ಭ್ರಮರ. ಹಾಗಾದರೆ ಒಳಗೆ ಹಾಕಿದ ಹುಳು ಎಲ್ಲಿ ಹೋಯಿತು? ಯಾರಾದರೂ ಹೇಳಿ ನೋಡೋಣ.’

ಉತ್ತರಕ್ಕಾಗಿ ಕೇಳಿದ್ದಲ್ಲ, ಪ್ರವಚನಕಾರರು ಹಾಗೆ ಕೇಳುತ್ತಾರೆ, ಜನ ಸುಮ್ಮನಿರುತ್ತಾರೆ. ಆ ಮೌನದಲ್ಲಿ ನನ್ನ ಪಕ್ಕದಿಂದ ಧ್ವನಿ ಕೇಳಿಸಿತು.

‘ಅದನ್ನ ತಿಂದು ಹಾಕ್ತೈತ್ರಿ.’

ಎಲ್ಲರೂ ತಿರುಗಿದರು. ದಾಕ್ಷಾಯಿಣಿಯ ಮುಖ ನೋಡಿದರೆ, ಮಾತಾಡಿದ್ದು ತಾನೇ ಎಂದು ಅವಳಿಗೂ ಗೊತ್ತಾದ ಹಾಗಿರಲಿಲ್ಲ. ಆ ಒಂದು ಗಳಿಗೆಯ ತಿದ್ದುಪಡಿಯನ್ನು ಅವಳು ಮರೆತಿದ್ದಳು.

‘ಏನಮ್ಮಾ?’ ಎಂದರು ಶಾಸ್ತ್ರಿಗಳು.

ಇನ್ನು ಹಿಂದೆ ಹೋಗುವ ಹಾಗಿರಲಿಲ್ಲ. ಅವಳು ಎದ್ದು ನಿಂತಳು. ‘ಹುಳಾ ಕಣಜ ಆಗೂದಿಲ್ರಿ. ಗಡಿಗ್ಯಾಗ ಕಣಜದ್ದ ಒಂದು ತತ್ತಿ ಇರ್ತೈತಿ. ಆ ತತ್ತಿ ಒಡದು ಮರಿ ಆಕ್ಕೈತಿ. ಒಳಗ ಇಟ್ಟಿದ್ದ ಹುಳಾ ಎಲ್ಲಾ ಅದರ ಬುತ್ತಿ. ಹುಳಾ ಸತ್ತಿರೂದಿಲ್ರಿ, ಅಲ್ಲಾಡಾಕ ಬರದಂಗ ಚುಚ್ಚಿರ್ತೈತಿ. ಜೀವಂತ ಇದ್ದಾಗನ ಒಂದೊಂದ ತಿಂತೈತಿ. ನಾ ಇಪ್ಪತ್ತೆಂಟು ದಿನಾ ನೋಡೇನ್ರಿ.’

ಯಾರೋ ನಕ್ಕರು. ಶಾಸ್ತ್ರಿಗಳು ನಗಲಿಲ್ಲ. ‘ಇದು ದೃಷ್ಟಾಂತ ತಾಯಿ, ಪ್ರಾಣಿಶಾಸ್ತ್ರ ಅಲ್ಲ,’ ಎಂದರು. ಸ್ವಲ್ಪ ತಡೆದು, ‘ನಿಜವಾಗಿಯೂ ನೋಡಿದ್ದೀಯಾ?’ ಎಂದು ಕೇಳಿದರು. ಅವಳು ಮನೆಗೆ ಓಡಿ ಒಡೆದ ಗಡಿಗೆಯನ್ನೂ ಕ್ಯಾಲೆಂಡರಿನ ಹಾಳೆಗಳನ್ನೂ ತಂದಳು. ಶಾಸ್ತ್ರಿಗಳು ಕನ್ನಡಕ ಏರಿಸಿ ಹುಳಗಳ ಸಿಪ್ಪೆಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದರು. ಮಕ್ಕಳು ಸುತ್ತ ನೆರೆದರು.

‘ಮೂವತ್ತು ವರ್ಷದಿಂದ ಹೇಳ್ತಾ ಬಂದಿದ್ದೇನೆ. ನೋಡುವ ಮನಸ್ಸು ನನಗೆ ಬರಲಿಲ್ಲ,’ ಎಂದರು ಅವರು. ಮೆಚ್ಚಿಕೊಂಡೇ, ಯಾವ ಕಪಟವೂ ಇಲ್ಲದೆ ಕೇಳಿದರು: ‘ನಿನ್ನ ಮಾತು ಹಾವೇರಿ ಕಡೆಯದಲ್ಲವೇ? ಯಾವ ಊರು?’

‘ಸವಣೂರ ಹತ್ರರೀ.’

‘ಹೆಸರು?’

ಶರಾವತಕ್ಕ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಗರ್ಭಗುಡಿಯ ಬಾಗಿಲಲ್ಲಿ ಭಟ್ಟರು ಆರತಿಯ ತಟ್ಟೆ ಹಿಡಿದು ನಿಂತಿದ್ದರು.

‘ದಾಕ್ಷಾಯಿಣಿ,’ ಎಂದಳು.

ಸಿಡಿಲು ಬೀಳುತ್ತದೆ ಎಂದುಕೊಂಡಿದ್ದಳಂತೆ. ಏನೂ ಬೀಳಲಿಲ್ಲ. ಯಾರಿಗೂ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಮೊಕ್ತೇಸರ ಮಂಜಪ್ಪ ಹೆಗಡೆಯವರು ಕೆಮ್ಮಿ, ‘ಶಾಸ್ತ್ರಿಗಳೇ, ಮುಂದುವರಿಸಿ’ ಎಂದರು. ಪ್ರವಚನ ಮುಂದುವರಿಯಿತು. ಮಂಗಳಾರತಿಯೂ ಆಯಿತು, ಎಲ್ಲರೂ ಪ್ರಸಾದ ತೆಗೆದುಕೊಂಡು ಹೋದರು.

ಮರುದಿನ ಅವಳು ಶಾಲೆ ಬಿಡುವ ಹೊತ್ತಿಗೆ ನೇರವಾಗಿ ನನ್ನ ತರಗತಿಯ ಬಾಗಿಲಿಗೆ ಬಂದಳು.

‘ಅಕ್ಕೋರೆ, ನಿಮಗೂ ಗೊತ್ತಿತ್ತೇನ್ರಿ?’

ಸುಳ್ಳು ಹೇಳಲು ಬಾಯಿ ಬರಲಿಲ್ಲ. ‘ಗೊತ್ತಿತ್ತು,’ ಎಂದೆ.

‘ಯಾವಾಗಿನಿಂದ?’

‘ನಿನ್ನ ಅಮ್ಮ ಬಂದು ಹೋದಾಗಿನಿಂದ ನನಗೆ. ಉಳಿದವರಿಗೆ ಅದಕ್ಕೂ ಮುಂಚೆ. ಆ ಮಧ್ಯಸ್ಥ ಶಿರಸಿಯಲ್ಲಿ ಯಾರ ಹತ್ತಿರವೋ ಹೇಳಿದ್ದನಂತೆ. ಮದುವೆಯಾಗಿ ಮೂರು ತಿಂಗಳಿಗೇ ಊರಿಗೆಲ್ಲ ಗೊತ್ತಾಗಿತ್ತು.’

ಅವಳು ಮೊದಲ ಬೆಂಚಿನ ಮೇಲೆ, ಒಂದನೇ ಇಯತ್ತೆಯ ಮಕ್ಕಳು ಕೂರುವ ಜಾಗದಲ್ಲಿ ಕುಳಿತಳು.

‘ನಮ್ಮವ್ವ ಹಣೀ ಒರಸಿಕೊಂಡು ಗುಡಿಯೊಳಗ ಬಂದಳ್ರಿ,’ ಎಂದಳು. ‘ಎಲ್ಲಾರಿಗೂ ಗೊತ್ತಿದ್ದ ಸುಳ್ಳಿಗೆ ನಾ ಒಬ್ಬಾಕೀನ ನಾಲ್ಕು ವರ್ಷ ಕಾವಲ ಕುಂತಿದ್ದೆ. ಯಾರರೆ ಒಬ್ಬರು ನನಗ ಹೇಳಬಾರದಾಗಿತ್ತೇನ್ರಿ?’

ಹೇಳಿದರೆ ಅವಳಿಗೆ ನೋವಾಗುತ್ತದೆ ಎಂದುಕೊಂಡಿದ್ದೆ ಎಂದೆ. ಅದು ಪೂರ್ತಿ ಸತ್ಯವಲ್ಲ. ಅರ್ಚಕರ ಮನೆಯ ವಿಷಯ ನನಗೆ ಯಾಕೆ ಎಂದುಕೊಂಡಿದ್ದೆ, ಅಷ್ಟೇ.

ಪ್ರವಚನ ಮುಗಿದ ವಾರದಲ್ಲಿ ದೇವಸ್ಥಾನದ ಮಂಡಳಿ ಸೇರಿತು. ಮಂಜಪ್ಪ ಹೆಗಡೆಯವರು ಭಟ್ಟರಿಗೆ ಹೇಳಿದ್ದನ್ನು ಭಟ್ಟರೇ ಮನೆಯಲ್ಲಿ ಹೇಳಿದರಂತೆ: ‘ಗೊತ್ತಿದ್ದಿದ್ದೇಯಾ. ಆದ್ರೆ ಗೊತ್ತಿಲ್ಲದ ಹಾಂಗೆ ಇಪ್ಪಲೆ ಆಗ್ತಿತ್ತು. ಈಗ ಸಭೇಲಿ ಬಿದ್ದೋತು. ಎಂತಾರೂ ಮಾಡಿದ ಹಾಂಗೆ ಕಾಣಕ್ಕಲ?’ ಬೇರೆ ಅರ್ಚಕರು ಎಲ್ಲಿಯೂ ಸಿಗುವಂತಿರಲಿಲ್ಲ. ಆದ್ದರಿಂದ ಪೂಜೆ ಭಟ್ಟರದ್ದೇ. ಏನೋ ಕ್ರಮ ತೆಗೆದುಕೊಂಡ ಹಾಗೆ ಕಾಣಲೆಂದು ನೈವೇದ್ಯವನ್ನು ಮಾತ್ರ ಅವರೇ ಸ್ವತಃ ಬೇಯಿಸಬೇಕು. ಮನೆಗೂ ಅಡುಗೆಕೋಣೆಗೂ ನಡುವಿನ ಬಾಗಿಲಿಗೆ ಆ ಕಡೆಯಿಂದ ಚಿಲಕ ಬಿತ್ತು. ನಾಲ್ಕು ವರ್ಷ ಅವಳ ಕೈಯ ಅನ್ನ ದೇವರಿಗೆ ಆಗಿತ್ತು.

ಭಟ್ಟರು ಆ ತೀರ್ಮಾನಕ್ಕೆ ಒಪ್ಪಿ ಬಂದರು. ‘ನೀವು ಒಂದ ಮಾತು ಹೇಳಲಿಲ್ಲ?’ ಎಂದು ದಾಕ್ಷಾಯಿಣಿ ಕೇಳಿದ್ದಕ್ಕೆ, ‘ಯಂಗೆ ಮಾತಾಡಲೆ ಬತ್ತಿಲ್ಲೆ ಹೇಳಿ ಮೊದಲೇ ಹೇಳಿದ್ನಲೆ’ ಎಂದರಂತೆ. ಅವಳು ಆ ದಿನ ಊಟ ಮಾಡಲಿಲ್ಲ. ಅವರೂ ಮಾಡಲಿಲ್ಲ.

ಯುಗಾದಿಯ ಮರುವಾರ ಪಾರ್ವತವ್ವ ಬಂದಳು. ಈ ಸಲ ಹಣೆಯ ತುಂಬ ವಿಭೂತಿ ಇತ್ತು. ನೇರವಾಗಿ ಮನೆಯ ಅಂಗಳಕ್ಕೆ ಬಂದು, ‘ದಾಕ್ಷಾಯಿಣೀ’ ಎಂದು ಇಡೀ ಕೇರಿಗೆ ಕೇಳುವ ಹಾಗೆ ಕರೆದಳು. ಶರಾವತಕ್ಕ ಹೊರಗೆ ಬಂದು ನೀರು ಬೆಲ್ಲ ಕೊಟ್ಟರು. ಒಳಗೆ ಬನ್ನಿ ಎನ್ನಲಿಲ್ಲ. ಊಟಕ್ಕೆ ಜಗಲಿಯಲ್ಲಿ ಒಂದು ಬಾಳೆಲೆ ಹಾಕಿದರು. ದಾಕ್ಷಾಯಿಣಿ ಒಳಗಿನಿಂದ ಇನ್ನೊಂದು ಬಾಳೆಲೆ ತಂದು ತಾಯಿಯ ಪಕ್ಕದಲ್ಲಿ ಹಾಸಿ ಅಲ್ಲೇ ಕುಳಿತಳು. ಶರಾವತಕ್ಕ ಎರಡೂ ಎಲೆಗೆ ಬಡಿಸಿದರು.

ತಾಯಿಯ ಜೊತೆ ಅವಳೂ ಹೋದಳು. ತಿರುಗಿ ಬರುವುದಿಲ್ಲ ಎಂದೇ ಊರಿನವರು ಮಾತಾಡಿಕೊಂಡರು, ನಾನೂ ಹಾಗೇ ಅಂದುಕೊಂಡೆ, ಬಾರದಿದ್ದರೆ ಒಳ್ಳೆಯದು ಎಂದೂ ಅಂದುಕೊಂಡೆ. ಹದಿನೇಳನೆಯ ದಿನ ಮಧ್ಯಾಹ್ನದ ಬಸ್ಸಿಗೆ ಬಂದಿಳಿದಳು, ಒಬ್ಬಳೇ.

‘ಯಾಕೆ ಬಂದೆ?’ ಎಂದು ಕೇಳಿಬಿಟ್ಟೆ.

‘ಅಲ್ಲೆ ತಮ್ಮನ ಮದುವಿ ಆಗೇತ್ರಿ. ಎರಡ ಖೋಲಿ ಮನಿ. ಎಂಟು ದಿನಾ ಆದಮ್ಯಾಲೆ, ವಾಪಸ್ ಯಾವಾಗ ಹೊಕ್ಕಿ ಅಂತ ಓಣ್ಯಾಗ ಕೇಳಾಕ ಹತ್ತಿದ್ರು. ಮಾತೂ ಬದಲಾಗೈತಂತ ನಂದು. ಇದೆಂಥಾ ಪುಸ್ತಕದ ಮಾತು ಮಾತಾಡ್ತಿ ಅಂತ ತಮ್ಮನ ಹೆಂಡತಿ ನಕ್ಕಳು.’ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ‘ಎಲ್ಲಿಗೆ ಹೋಗ್ಲಿ ಅಕ್ಕೋರೆ?’

ಈಗ ಅವಳು ಶನಿವಾರ ನಮ್ಮ ಶಾಲೆಗೆ ಬಂದು ಮಕ್ಕಳಿಗೆ ಹುಳಹುಪ್ಪಟೆ ತೋರಿಸುತ್ತಾಳೆ. ಇದಕ್ಕೂ ಇಬ್ಬರು ತಂದೆತಾಯಿಗಳು ತಕರಾರು ಎತ್ತಿದರು. ಮೇಲಧಿಕಾರಿಗೆ ಬರೆಯುತ್ತೇವೆ ಎಂದಿದ್ದಾರೆ, ಬರೆಯಲಿ. ಈ ಒಂದು ವಿಷಯದಲ್ಲಾದರೂ ನಾನು ಸುಮ್ಮನಿರುವುದಿಲ್ಲ ಎಂದು ನಿಶ್ಚಯಿಸಿದ್ದೇನೆ. ಶನಿವಾರದ ಆ ಒಂದು ತಾಸು ಬಿಟ್ಟರೆ ಉಳಿದ ವಾರವೆಲ್ಲ ಅವಳಿಗೆ ಅದೇ ಮನೆ, ಅದೇ ಗೋಡೆ. ಈಗ ತನ್ನ ಮಾತನ್ನೇ ಆಡುತ್ತಾಳೆ, ಆದರೆ ಆಡಲು ಮನೆಯಲ್ಲಿ ಹೆಚ್ಚು ಜನರಿಲ್ಲ. ಭಟ್ಟರು ಎರಡು ಹೊತ್ತೂ ನೈವೇದ್ಯ ಬೇಯಿಸಿ, ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು ಬಂದು ಮಲಗುತ್ತಾರೆ. ಊರ ಹೆಂಗಸರು ಅರಿಸಿನ ಕುಂಕುಮಕ್ಕೆ ಶರಾವತಕ್ಕನನ್ನು ಮಾತ್ರ ಕರೆಯುತ್ತಾರೆ. ಶರಾವತಕ್ಕ ಮೈ ಹುಷಾರಿಲ್ಲ ಎಂದು ಹೋಗುವುದನ್ನೇ ಬಿಟ್ಟಿದ್ದಾರೆ.

ಹೋದ ತಿಂಗಳು ಅತ್ತೆ ಸೊಸೆ ಇಬ್ಬರೂ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರಂತೆ. ಶರಾವತಕ್ಕ ಇದ್ದಕ್ಕಿದ್ದಂತೆ ಕೇಳಿದರು.

‘ಅಲ್ದೇ, ಆ ಹುಳಕ್ಕೆ ನೋವಾಗ್ತ? ಜೀವ ಇಪ್ಪಕಾರೇ ತಿಂತು ಹೇಳಿದ್ದೆ ನೀನು.’

‘ಗೊತ್ತಿಲ್ರಿ ಅತ್ತಿ,’ ಎಂದಳು ದಾಕ್ಷಾಯಿಣಿ. ‘ಮುಟ್ಟಿದ್ರ ನಡಗತೈತಿ. ಅದು ನೋವೋ ಏನೋ, ನೋಡಿದವರಿಗೆ ತಿಳಿಯೂದಿಲ್ಲ.’

‘ಆನು ಈ ಮನೆಗೆ ಬಂದಾಗ ಯಂಗೆ ಹದಿನಾರು,’ ಎಂದರು ಶರಾವತಕ್ಕ. ‘ಆ ವರ್ಷವೆಲ್ಲ ಕಣ್ಣೀರು ಹಾಕಿ ಕೂಗಿದ್ದೆ.’

ಬೀಜ ಒಂದು ಕಡೆ, ನಾರು ಒಂದು ಕಡೆ ಹಾಕುತ್ತ ಸಂಜೆಯವರೆಗೆ ಇಬ್ಬರೂ ಅಲ್ಲೇ ಕೂತಿದ್ದರು.